ಗಂಟಲು ಕ್ಯಾನ್ಸರ್ ಮತ್ತು ಎಚ್‌ಪಿವಿ ವೈರಸ್: ಇಎನ್‌ಟಿ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಎಂಟರಿಂದ ಒಂಬತ್ತೂವರೆವರೆಗೆ ಮೇಡಂ ಉತ್ತರ ಕೊಡುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಹೆಸರು ಬೇಡ: ಮೇಡಂ, ನಮ್ಮ ಯಜಮಾನರಿಗೆ 52 ವರ್ಷ. ಬೀಡಿ, ಸಿಗರೇಟು, ಎಲೆಅಡಿಕೆ ಯಾವುದೂ ಇಲ್ಲ. ಶೇವ್ ಮಾಡುವಾಗ ಕತ್ತಿನಲ್ಲಿ ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಟಿಬಿ ಇರಬಹುದು ಅಂತ ಮಾತ್ರೆ ಕೊಟ್ಟರು, ಕರಗಲಿಲ್ಲ. ಬಯಾಪ್ಸಿಯಲ್ಲಿ ಟಾನ್ಸಿಲ್ ಕ್ಯಾನ್ಸರ್, ಪಿ16 ಪಾಸಿಟಿವ್ ಅಂತ ಬಂತು, ಅಂದರೆ ಎಚ್‌ಪಿವಿ ವೈರಸ್ಸಿನಿಂದ ಬಂದ ಗುರುತಂತೆ. ಇದು ದೈಹಿಕ ಸಂಪರ್ಕದಿಂದ ಬರುವ ವೈರಸ್ಸಂತೆ. ಅವರು ದಿನಾ ರೇಡಿಯೇಷನ್‌ಗೆ ಹೋಗಿ ಬರುತ್ತಾರೆ, ನಾನು ಮಾತೇ ಬಿಟ್ಟಿದ್ದೇನೆ. ಯಾರಿಂದ ಬಂತು ಅಂತ ತಿಳಿಯೋ ಟೆಸ್ಟ್ ಇದೆಯಾ?

ಕಾಫಿ ಪುಡಿ: ಒಂದೇ ಲೋಟದಲ್ಲಿ ಕುಡಿದರೆ ಹರಡುತ್ತಾ?

ಡಾಕ್ಟರ್: ಇಲ್ಲ.

ತೋಟದ ಮನೆ: ಲಕ್ಷ್ಮಣಫಲದ ಎಲೆ ಕಷಾಯ ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ!! ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ಫಾರ್ವರ್ಡ್ ಬೇಡ ಅಂದಿದ್ದು ಕಾಣಿಸಲಿಲ್ವಾ? ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಒಂದಷ್ಟು ಜೀವಕೋಶ ಸತ್ತರೆ ಅದು ಔಷಧಿ ಆಗುವುದಿಲ್ಲ. ಕಷಾಯ ಕುಡಿಯುತ್ತಾ ತಿಂಗಳುಗಟ್ಟಲೆ ಕೂತವರು ನನ್ನ ಹತ್ತಿರ ಬರುವ ಹೊತ್ತಿಗೆ ಬಾಯಿ ತೆರೆಯೋಕೂ ಆಗುತ್ತಿರುವುದಿಲ್ಲ.

ಡಾಕ್ಟರ್: @ಹೆಸರು ಬೇಡ, ಅಂಥ ಟೆಸ್ಟ್ ಇಲ್ಲ ಅಮ್ಮಾ. ಇದು ತುಂಬಾ ಸಾಮಾನ್ಯ ವೈರಸ್. ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯಾದರೂ ಬಂದು, ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಬಂದಿದ್ದೂ ಗೊತ್ತಾಗುವುದಿಲ್ಲ. ಕೆಲವರಲ್ಲಿ ಮಾತ್ರ, ಮುಖ್ಯವಾಗಿ ಈ ವೈರಸ್ಸಿನ 16ನೇ ಬಗೆ, ಟಾನ್ಸಿಲ್ಲಿನ ಸಂದಿಯಲ್ಲೋ ನಾಲಿಗೆಯ ಬುಡದಲ್ಲೋ ಉಳಿದುಬಿಡುತ್ತದೆ. ಕ್ಯಾನ್ಸರ್ ಆಗೋಕೆ ಹತ್ತಿಪ್ಪತ್ತು ವರ್ಷ, ಇನ್ನೂ ಜಾಸ್ತಿಯೂ ಹಿಡಿಯಬಹುದು. ಮದುವೆಗೆ ಮೊದಲೇ ಬಂದಿರಬಹುದು. ನಿಮ್ಮಿಂದಲೇ ಹೋಗಿರಬಹುದು, ನಿಮಗೆ ಏನೂ ಆಗದೆ. ಈ ರಿಪೋರ್ಟು ಅವರ ನಡತೆಗೆ ಸಾಕ್ಷಿ ಅಲ್ಲ.

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಪಿ16 ಪಾಸಿಟಿವ್ ಅನ್ನೋದು ಇದ್ದುದರಲ್ಲಿ ಒಳ್ಳೆಯ ಸುದ್ದಿ. ತಂಬಾಕಿನಿಂದ ಬಂದಿದ್ದಕ್ಕಿಂತ ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ, ಅದರಲ್ಲೂ ಸಿಗರೇಟು ಸೇದದವರಲ್ಲಿ. ರೇಡಿಯೇಷನ್ ಸಾಮಾನ್ಯವಾಗಿ ಆರೇಳು ವಾರ. ಮೂರನೇ ವಾರದಿಂದ ಬಾಯಿ ಹುಣ್ಣು, ಎಂಜಲು ಒಣಗೋದು, ಗಂಜಿಯೂ ಇಳಿಯದಿರೋದು. ಆಗ ತೂಕ ಇಳಿಯೋಕೆ ಬಿಡಬೇಡಿ. ನುಂಗೋಕೆ ಆಗದಿದ್ದರೆ ಆಹಾರ ಕೊಡುವ ಮೂಗಿನ ನಳಿಗೆ ಹೆದರಬೇಡಿ, ಅದು ತಾತ್ಕಾಲಿಕ. ನೀವು ದೂರ ಮಲಗಬೇಕಾಗಿಲ್ಲ. ನಿಮ್ಮ ಗರ್ಭಕೋಶದ ಬಾಯಿಯ ಪ್ಯಾಪ್ ಟೆಸ್ಟ್ ಮಾಡಿಸಿಲ್ಲದಿದ್ದರೆ ಮಾಡಿಸಿ. ಈ ಕಾಯಿಲೆ ಇರಲಿ ಬಿಡಲಿ, ಅದು ಎಲ್ಲ ಹೆಂಗಸರಿಗೂ ಬೇಕು.

ಉಳಿದವರಿಗೂ: ಕತ್ತಿನ ಗಂಟು ಮೂರು ವಾರ ದಾಟಿದರೆ ತೋರಿಸಿ. ಸೂಜಿ ಪರೀಕ್ಷೆ ಮಾಡದೆ ಟಿಬಿ ಮಾತ್ರೆ ಶುರು ಮಾಡಬೇಡಿ.

ಬೇಸರ38: ನನಗೆ 38. ಈಗ ಎಚ್‌ಪಿವಿ ಲಸಿಕೆ ಹಾಕಿಸಿದರೆ ಪ್ರಯೋಜನ ಇದೆಯಾ?

ಮಲೆನಾಡಿಗ: ನೋಡಿ, ಕ್ಯಾನ್ಸರ್ ಬರೋದು ವೈರಸ್ಸಿಂದ. ಇಷ್ಟು ದಿನ ಸುಮ್ನೆ ಅಡಿಕೆಗೆ ಕೆಟ್ಟ ಹೆಸರು.

ತುಮಕೂರು ಟೀಚರ್: ನಮ್ಮ ಮಾವ ಅಡಿಕೆ ಜಗಿದೇ ದವಡೆ ಕಳಕೊಂಡರು.

ಮಲೆನಾಡಿಗ: ಹೊಗೆಸೊಪ್ಪು ಹಾಕ್ತಿದ್ರಾ ಕೇಳಿ.

ತುಮಕೂರು ಟೀಚರ್: ಕೇಳೋಕೆ ಅವರಿಲ್ಲ. ನಿಮಗೆ ಕ್ವಿಂಟಲ್ ರೇಟಿನದೇ ಚಿಂತೆ.

ಮಲೆನಾಡಿಗ: ಅದೇ ರೇಟಿನಲ್ಲಿ ನಮ್ಮ ಮಕ್ಕಳು ಓದಿದ್ದು. ಮರ್ಯಾದೆ ಇರಲಿ.

ಕಾವೇರಿ ತೀರ: ಮುತ್ತು ಕೊಟ್ಟರೆ ಹರಡುತ್ತಾ ಮೇಡಂ? 😄

ಡಾಕ್ಟರ್: ಹಲ್ಲು ಕಿರಿಯೋ ವಿಷಯ ಅಲ್ಲ, ಗಂಡನಿಗೆ ಕಾಯಿಲೆ ಆದ ಹೆಣ್ಣುಮಗಳು ಇಲ್ಲೇ ಇದ್ದಾರೆ.
@ಮಲೆನಾಡಿಗ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು, ಹೊಗೆಸೊಪ್ಪು ಇಲ್ಲದೆಯೂ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಮ್ಮಲ್ಲಿ ಬಾಯಿ ಕ್ಯಾನ್ಸರಿಗೆ ಈಗಲೂ ದೊಡ್ಡ ಕಾರಣ ತಂಬಾಕು, ಗುಟ್ಕಾ, ಅಡಿಕೆ. ರೇಟಿನ ಜಗಳಕ್ಕೆ ಬೇರೆ ಗ್ರೂಪ್ ನೋಡಿಕೊಳ್ಳಿ.

ಹಾಸನದ ಅಪ್ಪ: ಗಂಡುಮಕ್ಕಳಿಗೂ ಲಸಿಕೆ ಬೇಕಾ? ಮಗನಿಗೆ 12.

ಡಾಕ್ಟರ್: ಹಾಕಿಸಿ. 9ರಿಂದ 14ರ ಒಳಗೆ ಎರಡು ಡೋಸ್, 15 ತುಂಬಿದರೆ ಮೂರು. ಬಂದ ಕಾಯಿಲೆಯನ್ನು ಲಸಿಕೆ ವಾಸಿ ಮಾಡುವುದಿಲ್ಲ.

ತೋಟದ ಮನೆ: ಲಸಿಕೆಯಿಂದ ಮಕ್ಕಳಾಗಲ್ಲ ಅಂತ ವಿಡಿಯೋ ಇದೆ, ಕಳಿಸಲಾ?

ಡಾಕ್ಟರ್: ಬೇಡ. ಸುಳ್ಳು.

ಬೇಸರ38: ಮೇಡಂ ನನ್ನ ಪ್ರಶ್ನೆ?

ಹೆಸರು ಬೇಡ: ಮೇಡಂ, ಅನುಮಾನ ಪೂರ್ತಿ ಹೋಗಿಲ್ಲ, ಸುಳ್ಳು ಹೇಳಲ್ಲ. ಅತ್ತೆ ದಿನಾ ಕೇಳುತ್ತಾರೆ, ಅಭ್ಯಾಸ ಇಲ್ಲದವನಿಗೆ ಹೇಗೆ ಬಂತು ಅಂತ. ಏನು ಹೇಳಲಿ?

ಡಾಕ್ಟರ್: ಟಾನ್ಸಿಲ್ ಕ್ಯಾನ್ಸರ್ ಅನ್ನಿ, ಸಾಕು. ವೈರಸ್ ವಿಷಯ ಹೇಳೋದು ಬಿಡೋದು ನಿಮ್ಮ ಯಜಮಾನರಿಗೆ ಬಿಟ್ಟಿದ್ದು. ನಿಮ್ಮ ಅನುಮಾನವನ್ನು ಅವರ ಡಾಕ್ಟರ ಮುಂದೆ ಇಬ್ಬರೂ ಕೂತು ಕೇಳಿ, ನಾಚಿಕೆ ಬೇಡ.

ಮಲೆನಾಡಿಗ: 2004ರ ಆ ರಿಪೋರ್ಟಿನ ಬಗ್ಗೆ ನನಗೂ ಸ್ವಲ್ಪ ಹೇಳೋದಿದೆ.

ತುಮಕೂರು ಟೀಚರ್: ಶುರುವಾಯ್ತು.

ಡಾಕ್ಟರ್: ನನಗೆ ಬೆಳಗ್ಗೆ ಆಪರೇಷನ್ ಇದೆ. ಅಡ್ಮಿನ್, ಮುಂದಿನದು ನೀವು ನೋಡಿಕೊಳ್ಳಿ.