ಕ್ಲೌನ್ ಮೀನಿನ ಟ್ಯಾಂಕಿಗೆ ಅನಿಮೋನ್: ಸಾಕಿದವರು ದಯವಿಟ್ಟು ಹೇಳಿ

ಕೇಳಿದವರು, ಜೆ.ಪಿ. ನಗರ

ನಮಸ್ಕಾರ ಎಲ್ಲರಿಗೂ. ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ, ಶುರು ಮಾಡಿ 8 ತಿಂಗಳಾಯಿತು. ಒಂದು ಜೋಡಿ ಒಸೆಲ್ಲಾರಿಸ್ ಕ್ಲೌನ್, ಎರಡೂ ಹ್ಯಾಚರಿಯಲ್ಲಿ ಹುಟ್ಟಿದವು. ಜೊತೆಗೆ ಒಂದಿಷ್ಟು ಜೊವಾಂಥಿಡ್ (ಗುಂಪಾಗಿ ಬೆಳೆಯುವ, ಹವಳದಂಥ ಪುಟ್ಟ ಜೀವಿಗಳು), ಒಂದು ಟೋಡ್‌ಸ್ಟೂಲ್ ಮೆದು ಹವಳ. ನೀರು ಓಡಾಡಿಸೋಕೆ ಫ್ಯಾನ್ ಇರುವ ಎರಡು ವೇವ್‌ಮೇಕರ್, ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರ್, ಎಲ್‌ಇಡಿ ಲೈಟು. ಕ್ಲೌನ್ ಮೀನು ಅನಿಮೋನ್ (ಹೂವಿನ ಹಾಗೆ ಎಳೆ ಚಾಚಿಕೊಂಡಿರುವ ಕಡಲ ಪ್ರಾಣಿ) ಒಳಗೆ ಮಲಗೋದನ್ನ ನೋಡಬೇಕು ಅಂತ ಮಕ್ಕಳ ಹಟ. ನನಗೂ ಆಸೆ ಇದೆ, ಸುಳ್ಳು ಯಾಕೆ ಹೇಳಲಿ. ಅಂಗಡಿಯಲ್ಲಿ ಮೂರು ಬಗೆ ಇವೆ: ಹಸಿರು ಬಬಲ್ ಟಿಪ್, ಊಟದ ತಟ್ಟೆಯಷ್ಟು ಅಗಲದ ಕಾರ್ಪೆಟ್, ಇನ್ನೊಂದು ಅಚ್ಚ ಬಿಳಿ, ಎಳೆಗಳ ತುದಿ ಮಾತ್ರ ನೇರಳೆ. ಬಿಳಿಯದು ತುಂಬಾ ಅಪರೂಪ ಅನ್ನುತ್ತಾರೆ ಅಂಗಡಿಯವರು. ಯಾವುದನ್ನು ತರಲಿ? ಎಲ್ಲಿ ಕೂರಿಸಲಿ? ಮೀನು ನಿಜವಾಗಿ ಅದರೊಳಗೆ ಹೋಗುತ್ತಾ?

ಮೈಸೂರಿನಿಂದ

ಬಿಳಿಯದನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ನೀವು ಹೇಳಿದ ವರ್ಣನೆ ನೋಡಿದರೆ ಅದು ಬಣ್ಣ ಕಳೆದುಕೊಂಡ ಕ್ರಿಸ್ಪಾ ಅನ್ನುವ ಜಾತಿ. ಅಂಗಡಿಗಳಲ್ಲಿ ಸೆಬೆ ಅನಿಮೋನ್ ಅಂತ ಮಾರುತ್ತಾರೆ. ಈ ಪ್ರಾಣಿಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಜೂಜಾಂಥೆಲ್ಲೆ ಅಂತ. ಅದು ಬೆಳಕಿನಲ್ಲಿ ಆಹಾರ ತಯಾರಿಸಿ ಅನಿಮೋನಿಗೂ ಪಾಲು ಕೊಡುತ್ತದೆ. ಕಂದು ಛಾಯೆ ಬರೋದು ಆ ಪಾಚಿಯಿಂದಲೇ. ಹಿಡಿದು, ಸಾಗಿಸಿ, ಕತ್ತಲೆಯಲ್ಲಿಟ್ಟು, ನೀರು ಬದಲಾಗಿ ಪಾಚಿ ಹೊರಟುಹೋದ ಮೇಲೆ ಉಳಿಯೋದು ಹಸಿದ ಬಿಳಿ ಮೈ. ಪಳಗಿದವರು ತಿಂಗಳುಗಟ್ಟಲೆ ಶುಶ್ರೂಷೆ ಮಾಡಿ ಮತ್ತೆ ಬಣ್ಣ ಬರಿಸಿದ್ದುಂಟು, ಆದರೆ ಮೊದಲ ಅನಿಮೋನಿಗೆ ಅದು ಬೇಡ. ಕಣ್ಣು ಕೋರೈಸುವ ಹಳದಿ ಕಂಡರೂ ಅನುಮಾನಪಡಿ, ಬಣ್ಣದಲ್ಲಿ ಅದ್ದಿ ಮಾರುವ ಚಾಳಿ ಇದೆ.

ಕಾರ್ಪೆಟ್ ಅಂದರೆ ಹ್ಯಾಡೋನಿ ಅನ್ನುವ ಜಾತಿ ಇರಬಹುದು. ಮನ್ನಾರ್ ಕೊಲ್ಲಿ ಕಡೆಯ ಸೆಬೆ ಕ್ಲೌನ್ ಮೀನಿಗೆ ಅದೇ ಮನೆ. ನೋಡಲು ಚೆಂದ, ಆದರೆ ಅರ್ಧ ಮೀಟರ್ ಅಗಲ ದಾಟುತ್ತದೆ, ಅಂಟು ವಿಪರೀತ, ಪಕ್ಕ ಸುಳಿದ ಬೇರೆ ಮೀನನ್ನು ನುಂಗುತ್ತದೆ. ನಿಮ್ಮ ಟ್ಯಾಂಕಿಗೆ ಅದು ದೊಡ್ಡದಾಯಿತು.

ಉಳಿದದ್ದು ಬಬಲ್ ಟಿಪ್. ಇಲ್ಲೊಂದು ತಮಾಷೆ ಇದೆ. ಅನಿಮೋನ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಜಾತಿ ಇದ್ದರೂ ಕ್ಲೌನ್ ಮೀನಿಗೆ ಮನೆಯಾಗುವುದು ಹತ್ತೇ ಜಾತಿ. ಅದರಲ್ಲೂ ಸಮುದ್ರದಲ್ಲಿ ಒಸೆಲ್ಲಾರಿಸ್ ಇರೋದು ಮ್ಯಾಗ್ನಿಫಿಕಾ, ಜೈಗಾಂಟಿಯಾ, ಮರ್ಟೆನ್ಸಿ ಈ ಮೂರರಲ್ಲಿ. ಬಬಲ್ ಟಿಪ್ ಆ ಪಟ್ಟಿಯಲ್ಲೇ ಇಲ್ಲ! ಆದರೆ ಆ ಮೂರೂ ಮನೆ ಟ್ಯಾಂಕಿನಲ್ಲಿ ಬಹಳ ಕಷ್ಟ. ಬಬಲ್ ಟಿಪ್ ಹೊಂದಿಕೊಳ್ಳುತ್ತದೆ, ಟ್ಯಾಂಕಿನಲ್ಲಿ ಒಸೆಲ್ಲಾರಿಸ್ ಕೂಡ ಅದನ್ನು ಒಪ್ಪುವುದು ಸಾಮಾನ್ಯ.

ತರುವ ಮುಂಚೆ ಬಾಯಿ ನೋಡಿ. ನಡುವಿನ ಬಾಯಿ ಬಿಗಿಯಾಗಿ ಮುಚ್ಚಿರಬೇಕು. ಸಡಿಲವಾಗಿ ತೆರೆದು ಒಳಗಿನದ್ದು ಹೊರಗೆ ಇಣುಕುತ್ತಿದ್ದರೆ ಬೇಡ. ಬುಡದಲ್ಲಿ ಹರಿದ ಗುರುತು ಇರಬಾರದು. ಅಂಗಡಿಯವರ ಕೈಯಲ್ಲೇ ಒಂದು ಚೂರು ಸೀಗಡಿ ಕೊಡಿಸಿ, ಎಳೆಗೆ ಅಂಟಿ ಬಾಯಿಗೆ ಹೋದರೆ ಅರ್ಧ ಪರೀಕ್ಷೆ ಪಾಸು.

ಹುಬ್ಬಳ್ಳಿಯಿಂದ

ಜಾತಿ ಗೀತಿ ಆಮ್ಯಾಲೆ ನೋಡೂಣ್ರಿ. ಮೊದ್ಲ ಆ ಎರಡು ವೇವ್‌ಮೇಕರಿಗೆ ಏನು ಮಾಡೀರಿ ಹೇಳ್ರಿ. ಅನಿಮೋನ್ ನಡೀತದ. ಹವಳದಂಗ ಇಟ್ಟಲ್ಲೇ ಕುಂದರೂದಿಲ್ಲ. ರಾತ್ರಿ ಲೈಟ್ ಆರಿದ ಮ್ಯಾಲೆ ಹೊಂಟು ಬೆಳಗಾಗೂದ್ರಾಗ ಫ್ಯಾನಿಗೆ ಸಿಕ್ಕಿರ್ತದ. ನಮ್ಮ ಗೆಳೆಯಾನ ಟ್ಯಾಂಕಿನ್ಯಾಗ ಹಂಗ ಆತು: ಮುಂಜಾನೆ ನೋಡಿದ್ರ ನೀರೆಲ್ಲಾ ಬೆಳ್ಳಗ, ಅನಿಮೋನ್ ಚೂರುಚೂರು, ಮೀನು ಒಂದೂ ಉಳಿದಿದ್ದಿಲ್ಲ. ಸ್ಪಂಜಿನ ಕವಚ ಹಾಕ್ರಿ, ಇಲ್ಲಾ ಸಣ್ಣ ಕಣ್ಣಿನ ಪ್ಲಾಸ್ಟಿಕ್ ಜಾಳಿಗಿ ಕಟ್ರಿ. ಸ್ಪಂಜ್ ಆದ್ರ ಆಗಾಗ ತೊಳೀಬೇಕು, ಕಸ ಕಟ್ಟಿದ್ರ ನೀರಿನ ಓಟ ನಿಲ್ತದ. ಓವರ್‌ಫ್ಲೋ ಬಾಯಿಗೂ ಜಾಳಿಗಿ ಬೇಕು. ಹೀಟರ್ ಇದ್ರ ಅದಕ್ಕೂ ಗಾರ್ಡ್, ಬಿಸಿ ಗಾಜಿನ ಮ್ಯಾಲೆ ಕುಂತು ಸುಟಗೊಂಡದ್ದೂ ನೋಡೀವಿ. ಇದೆಲ್ಲಾ ಅನಿಮೋನ್ ಮನಿಗೆ ಬರೂ ಮೊದಲ ಆಗಬೇಕ್ರಿ, ಬಂದ ಮ್ಯಾಲಲ್ಲ.

ಮೂಲ ಶಿವಮೊಗ್ಗ, ಈಗ ದುಬೈ

ಹುಬ್ಬಳ್ಳಿಯವರ ಮಾತಿಗೆ ನನ್ನದೂ ಓಟು. ತಂದ ದಿನ ಏನು ಮಾಡಬೇಕು ಅನ್ನೋದಷ್ಟನ್ನು ನಾನು ಬರೆಯುತ್ತೇನೆ.

ಅಂಗಡಿಯಲ್ಲಿ ಗಾಜಿಗೋ ಕಲ್ಲಿಗೋ ಅಂಟಿದ್ದರೆ ಉಗುರು ಹಾಕಿ ಕೀಳಲು ಬಿಡಬೇಡಿ. ಬುಡ ಹರಿದರೆ ಅಲ್ಲಿಗೆ ಕಥೆ ಮುಗಿಯಿತು. ಸಣ್ಣ ಕಲ್ಲಿಗೆ ಅಂಟಿದ್ದರೆ ಕಲ್ಲಿನ ಸಮೇತ ತನ್ನಿ. ಆ ಕಲ್ಲು ಮಾತ್ರ ಹವಳದ ತುಂಡಾಗಿರಬಾರದು, ಗಟ್ಟಿ ಹವಳ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಬರುತ್ತದೆ.

ಮನೆಗೆ ತಂದ ಮೇಲೆ ಚೀಲವನ್ನು ಟ್ಯಾಂಕಿನಲ್ಲಿ ತೇಲಿಬಿಟ್ಟು ಉಷ್ಣತೆ ಸರಿಹೋಗಲಿ. ಆಮೇಲೆ ಚೀಲದ ನೀರಿನ ಉಪ್ಪಿನಂಶ (ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ) ಅಳೆಯಿರಿ. ಅಂಗಡಿಯವರು ಖರ್ಚು ಉಳಿಸಲು 1.020ರ ಆಸುಪಾಸಿನಲ್ಲಿ ಇಟ್ಟಿರುತ್ತಾರೆ, ನಿಮ್ಮದು 1.025 ಇರುತ್ತದೆ. ಆ ವ್ಯತ್ಯಾಸ ಒಂದೇ ಏಟಿಗೆ ಬೀಳಬಾರದು. ಏರ್ ಪೈಪಿಗೆ ಗಂಟು ಹಾಕಿ ಹನಿಹನಿಯಾಗಿ ನಿಮ್ಮ ನೀರು ಬೀಳುವ ಹಾಗೆ ಮಾಡಿ, ಒಂದು ಗಂಟೆ, ವ್ಯತ್ಯಾಸ ಹೆಚ್ಚಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಅಂಗಡಿಯ ನೀರನ್ನು ಟ್ಯಾಂಕಿಗೆ ಸುರಿಯಬೇಡಿ.

ಬಬಲ್ ಟಿಪ್‌ಗೆ ಬುಡವನ್ನು ಕಲ್ಲಿನ ಸಂದಿಯಲ್ಲಿ ಬಚ್ಚಿಟ್ಟು ತಲೆಯನ್ನು ಬೆಳಕಿಗೆ ಚಾಚೋದು ಇಷ್ಟ. ಅಂಥ ಒಂದು ತೂತು ಹುಡುಕಿ, ವೇವ್‌ಮೇಕರ್ ಆಫ್ ಮಾಡಿ, ಬುಡ ಒಳಗೆ ಬರುವಂತೆ ಮೆಲ್ಲಗೆ ಇಳಿಸಿ. ಹಿಡಿದುಕೊಳ್ಳುವವರೆಗೆ ನೀರು ಅಲುಗಾಡದಿರಲಿ. ಲೈಟನ್ನು ಮೊದಲ ವಾರ ಅರ್ಧಕ್ಕೆ ಇಳಿಸಿ, ಆಮೇಲೆ ನಿಧಾನವಾಗಿ ಏರಿಸಿ. ಇಷ್ಟೆಲ್ಲಾ ಮಾಡಿದ ಮೇಲೂ ಅದು ನೀವು ಕೊಟ್ಟ ಜಾಗ ಬಿಟ್ಟು ಹೊರಡಬಹುದು. ಹೊರಡಲಿ ಬಿಡಿ. ಬೆಳಕು, ನೀರಿನ ಓಟ ಎಲ್ಲಿ ಹಿಡಿಸುತ್ತದೋ ಅಲ್ಲಿ ನಿಲ್ಲುತ್ತದೆ. ಎತ್ತಿ ಎತ್ತಿ ಮೊದಲಿನ ಜಾಗಕ್ಕೆ ತಂದಿಟ್ಟಷ್ಟೂ ಅದರ ಅಲೆದಾಟ ಹೆಚ್ಚು. ನಿಮ್ಮ ಜೊವಾಂಥಿಡ್‌ಗಳನ್ನೇ ದೂರ ಸರಿಸಿ, ಅದರ ಎಳೆ ತಾಗಿದ ಹವಳ ಸುಟ್ಟುಹೋಗುತ್ತದೆ.

ಕೈಗೆ ಗ್ಲೌಸ್ ಹಾಕಿ. ಕೆಲವರಿಗೆ ಏನೂ ಆಗಲ್ಲ, ಕೆಲವರಿಗೆ ದದ್ದು ಏಳುತ್ತದೆ. ಮುಟ್ಟಿದ ಕೈಯಲ್ಲಿ ಕಣ್ಣುಜ್ಜಬೇಡಿ.

ವೈಟ್‌ಫೀಲ್ಡ್‌ನಿಂದ

8 ತಿಂಗಳು ಸಾಕಾ ಅಂತ ಯಾರೂ ಹೇಳಲಿಲ್ಲ. ವರ್ಷ ತುಂಬದೆ ಅನಿಮೋನ್ ತರಲೇಬಾರದು ಅನ್ನೋ ಮಾತು ಎಲ್ಲ ಕಡೆ ಓಡಾಡುತ್ತದೆ, ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಎರಡು ವರ್ಷದ ಟ್ಯಾಂಕಿನಲ್ಲೂ ನೀರು ದಿನಕ್ಕೊಂದು ಥರ ಇದ್ದರೆ ಅನಿಮೋನ್ ಬದುಕಲ್ಲ. ಆರು ತಿಂಗಳು ಕನಿಷ್ಠ ಇರಲಿ. ಆಮೇಲೆ ನಿಮ್ಮ ಟೆಸ್ಟ್ ಬರೆದಿಟ್ಟ ಪುಸ್ತಕ ನೋಡಿ ತೀರ್ಮಾನ ಮಾಡಿ. ಕಳೆದ ಎರಡು ತಿಂಗಳಲ್ಲಿ ಉಪ್ಪಿನಂಶ 1.025 – 1.026, ಉಷ್ಣತೆ 25 – 27 ಡಿಗ್ರಿ, ಆಲ್ಕಲಿನಿಟಿ (ನೀರಿನ ಕ್ಷಾರತೆ) 8ರಿಂದ 9.5 ಡಿಕೆಎಚ್, ಕ್ಯಾಲ್ಸಿಯಂ 420 ಪಿಪಿಎಂ ಸುತ್ತ, ಅಮೋನಿಯಾ ನೈಟ್ರೈಟ್ ಸೊನ್ನೆ, ಹೀಗೆ ನಿಂತಿದೆಯಾ? ಹಾಗಿದ್ದರೆ ತನ್ನಿ. ನೈಟ್ರೇಟ್ ಸೊನ್ನೆಗೆ ಇಳಿಸಲು ಒದ್ದಾಡಬೇಡಿ, 5ರಿಂದ 10 ಪಿಪಿಎಂ ಇದ್ದರೆ ಒಳ್ಳೆಯದೇ. ತೊಳೆದಿಟ್ಟಂಥ ನೀರಿನಲ್ಲಿ ಅನಿಮೋನ್ ಸೊರಗುತ್ತದೆ.

ಬೆಂಗಳೂರಲ್ಲಿ ನಿಜವಾದ ಶತ್ರು ಏಪ್ರಿಲ್. ಉಷ್ಣತೆ ಇಳಿಸಲು ಫ್ಯಾನ್ ಹಾಕುತ್ತೀರಿ, ಫ್ಯಾನ್ ಹಾಕಿದರೆ ನೀರು ಆವಿಯಾಗುತ್ತದೆ. ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನಿಮ್ಮ 200 ಲೀಟರಿನಲ್ಲಿ ದಿನಕ್ಕೆ 4 ಲೀಟರ್ ಹೋದರೆ ಶೇ 2. ಮೂರು ದಿನ ಊರಿಗೆ ಹೋಗಿ ಬನ್ನಿ, ಸಾವಿರಕ್ಕೆ 35 ಪಾಲು ಇದ್ದ ಉಪ್ಪು 37 ದಾಟಿರುತ್ತದೆ. ಮೀನು ತಡೆದುಕೊಳ್ಳುತ್ತದೆ, ಅನಿಮೋನ್ ಮುದುಡುತ್ತದೆ. ಆದ್ದರಿಂದ ಆವಿಯಾದಷ್ಟು ನೀರನ್ನು ತಾನೇ ತುಂಬುವ ಆಟೊ ಟಾಪ್ ಆಫ್ ಹಾಕಿಸಿ. ಟಾಪ್ ಆಫ್‌ಗೆ ಸಿಹಿನೀರು, ಅದೂ ಆರ್‌ಒ ಆದ ಮೇಲೆ ಡಿಐ (ಉಳಿದ ಲವಣವನ್ನೂ ತೆಗೆಯುವ ಫಿಲ್ಟರ್) ಕೂಡ ದಾಟಿ ಟಿಡಿಎಸ್ (ಕರಗಿದ ಲವಣದ ಅಳತೆ) ಸೊನ್ನೆ ತೋರಿಸುವ ನೀರು. ಅಡುಗೆಮನೆಯ ಆರ್‌ಒ ಸಾಲದು; ಅದು ಕುಡಿಯೋಕೆ ರುಚಿ ಇರಲಿ ಅಂತ ಲವಣ ಬಿಟ್ಟೇ ಕೊಡುತ್ತದೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ.

ಕರೆಂಟ್ ಹೋದಾಗ ಒಂದು ವೇವ್‌ಮೇಕರ್ ಆದರೂ ಯುಪಿಎಸ್ ಮೇಲೆ ಓಡಲಿ. ಬ್ಯಾಟರಿ ಏರ್ ಪಂಪ್ ಕೂಡ ನಡೆಯುತ್ತದೆ.

ಇನ್ನೊಂದು ಮಾತು. ಅಂಗಡಿಯಿಂದ ಯಾಕೆ ತರುತ್ತೀರಿ? ಬಬಲ್ ಟಿಪ್ ಚೆನ್ನಾಗಿ ಬೆಳೆದಾಗ ತಾನೇ ಸೀಳಿ ಎರಡಾಗುತ್ತದೆ. ಟ್ಯಾಂಕಿನಲ್ಲೇ ಸೀಳಿ ಬೆಳೆದದ್ದು ಸಮುದ್ರದಿಂದ ಕಿತ್ತು ತಂದದ್ದಕ್ಕಿಂತ ಸಾವಿರ ಪಾಲು ಗಟ್ಟಿ. ಎಡಿನ್‌ಬರೋದಲ್ಲಿ ಡಾಲಿಯೆಲ್ ಅನ್ನುವ ನಿಸರ್ಗತಜ್ಞರು 1828ರಲ್ಲಿ ಕಡಲತಡಿಯಿಂದ ತಂದ ಒಂದು ಅನಿಮೋನ್ 1887ರವರೆಗೆ ಬದುಕಿತ್ತು. ಜಾತಿ ಬೇರೆ, ತಣ್ಣೀರಿನದು, ಇರಲಿ. ಜನ ಅದಕ್ಕೆ ಗ್ರ್ಯಾನಿ ಅಂತಲೇ ಹೆಸರಿಟ್ಟಿದ್ದರು. ಇಷ್ಟು ಕಾಲ ಬಾಳುವ ಪ್ರಾಣಿಯನ್ನು ಸಮುದ್ರದಿಂದ ತಂದು ಆರು ತಿಂಗಳಲ್ಲಿ ಕೊಲ್ಲೋದು ನನಗೆ ಸರಿ ಕಾಣಲ್ಲ.

ಮಂಗಳೂರಿನಿಂದ

ಮೀನು ಒಳಗೆ ಹೋಗುತ್ತದಾ ಅಂತ ಕೇಳಿದಿರಲ್ಲ, ಅದಕ್ಕೆ ಯಾರೂ ಗ್ಯಾರಂಟಿ ಕೊಡಲಿಕ್ಕಾಗುವುದಿಲ್ಲ ಮಾರಾಯ್ರೆ. ಹ್ಯಾಚರಿಯಲ್ಲಿ ಹುಟ್ಟಿದ ಮೀನು ಅನಿಮೋನಿನ ಮುಖವನ್ನೇ ಕಂಡದ್ದಿಲ್ಲ. ಕೆಲವು ಅದೇ ದಿನ ನುಗ್ಗುತ್ತವೆ, ಕೆಲವು ತಿಂಗಳುಗಟ್ಟಲೆ ತಿರುಗಿಯೂ ನೋಡುವುದಿಲ್ಲ. ನಮ್ಮಲ್ಲಿಯ ಜೋಡಿ ಪಕ್ಕದಲ್ಲೇ ಅಷ್ಟು ದೊಡ್ಡ ಬಬಲ್ ಟಿಪ್ ಇದ್ದರೂ ಟೋಡ್‌ಸ್ಟೂಲಿನಲ್ಲೇ ಬಿದ್ದುಕೊಂಡಿದ್ದವು. ಒಬ್ಬರಲ್ಲಿ ವೇವ್‌ಮೇಕರಿಗೇ ಮೈ ಉಜ್ಜುವ ಕ್ಲೌನ್ ಇದೆ. ನಿಮ್ಮಲ್ಲಿಯೂ ಟೋಡ್‌ಸ್ಟೂಲ್ ಉಂಟಲ್ಲ, ಅದನ್ನು ಸ್ವಲ್ಪ ಕಾಲ ಬೇರೆ ಮೂಲೆಗೆ ಇಟ್ಟು ನೋಡಬಹುದು. ಅನಿಮೋನಿನ ಫೋಟೊ ಗಾಜಿಗೆ ಅಂಟಿಸಿದರೆ ಮೀನು ಕಲಿಯುತ್ತದೆ ಅಂತ ಹೇಳುವವರೂ ಇದ್ದಾರೆ. ಮಕ್ಕಳಿಗೆ ಒಳ್ಳೆ ಕೆಲಸ, ಮೀನಿಗೆ ಏನೋ ದೇವರೇ ಬಲ್ಲ.

ಹೋದ ಮೇಲೂ ನೋಡಿಕೊಳ್ಳಿ. ಮೊದಲು ಬಾಲದಲ್ಲಿ, ಹೊಟ್ಟೆಯಲ್ಲಿ ಮುಟ್ಟಿ ಮುಟ್ಟಿ ಓಡುತ್ತದೆ, ಅದು ಸರಿ. ಆದರೆ ದೊಡ್ಡ ಹೆಣ್ಣು ಮೀನು ಸಣ್ಣ ಅನಿಮೋನಿನ ಮೇಲೆ ಇಡೀ ದಿನ ಹೊರಳಾಡಿದರೆ ಅದು ಅರಳುವುದೇ ಇಲ್ಲ. ಮೀನಿನ ಉದ್ದದ ಎರಡು ಮೂರು ಪಟ್ಟು ಅಗಲವಾದರೂ ಅನಿಮೋನ್ ಇರಬೇಕು. ಒಮ್ಮೆ ತನ್ನದು ಅಂತ ಹಿಡಿದ ಮೇಲೆ ಆ ಹೆಣ್ಣು ನಿಮ್ಮ ಕೈ ಕಚ್ಚುತ್ತದೆ, ತಯಾರಾಗಿರಿ.

ಕರಾವಳಿಯವರು ಯಾರಾದರೂ ಓದುತ್ತಿದ್ದರೆ: ಬೀಚಿನಿಂದ ಕ್ಯಾನಿನಲ್ಲಿ ನೀರು ತರುವ ಕ್ರಮ ಉಂಟು ನಮ್ಮಲ್ಲಿ. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ ಕೆಂಪಾಗಿ ಸಮುದ್ರಕ್ಕೆ ಸೇರುವಾಗ ದಡದ ನೀರು ಅರ್ಧ ಸಿಹಿ. ಅನಿಮೋನ್ ಇದ್ದವರು ಆ ನೀರು ಹಾಕಲೇಬೇಡಿ.

ಕೇಳಿದವರು, ಜೆ.ಪಿ. ನಗರ

ಎಲ್ಲರಿಗೂ ತುಂಬಾ ಧನ್ಯವಾದ. ಬಿಳಿಯದೂ ಬೇಡ, ಕಾರ್ಪೆಟ್ಟೂ ಬೇಡ. ಇನ್ನೆರಡು ಅನುಮಾನ. ಊಟ ಎಷ್ಟು ಕೊಡಬೇಕು? ಅಂಗಡಿಯಲ್ಲಿ ಒಂದು ದಿನ ದೊಡ್ಡದಾಗಿದ್ದದ್ದು ಮರುದಿನ ಮುದುಡಿಕೊಂಡಿತ್ತು, ಅದು ಸತ್ತಂತಾ?

ಮೈಸೂರಿನಿಂದ

ವಾರಕ್ಕೊಮ್ಮೆ ಸಾಕು. ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ) ಅಥವಾ ಕಡಲೆಕಾಳಿನ ಗಾತ್ರದ ಸೀಗಡಿ ಚೂರು. ಮಾರುಕಟ್ಟೆಯ ಸೀಗಡಿ ಆದರೆ ಸಿಪ್ಪೆ ತೆಗೆದು ತೊಳೆದು ಕೊಡಿ, ಉಪ್ಪು ಅರಿಶಿನ ಸೋಕಿರಬಾರದು. ದೊಡ್ಡ ತುಂಡು ಕೊಟ್ಟರೆ ರಾತ್ರಿ ಉಗುಳಿಬಿಡುತ್ತದೆ, ನೀರು ಕೆಡುತ್ತದೆ. ತಂದ ಮೊದಲ ಕೆಲವು ದಿನ ಏನೂ ಕೊಡಬೇಡಿ.

ಮುದುಡುವುದು ಸಹಜ. ಮೈಯೊಳಗಿನ ನೀರನ್ನು ಹೊರಹಾಕಿ ಮತ್ತೆ ತುಂಬಿಕೊಳ್ಳುತ್ತದೆ, ಆಗ ಬಾಯಿಂದ ಕಂದು ಲೋಳೆಯೂ ಬರಬಹುದು. ಕೆಲವು ಗಂಟೆಯಲ್ಲಿ ಮತ್ತೆ ಉಬ್ಬಿದರೆ ಚಿಂತೆ ಇಲ್ಲ. ದಿನಗಟ್ಟಲೆ ಮುದುಡಿಯೇ ಇದ್ದು, ಬಾಯಿ ತೆರೆದು, ಬುಡ ಹಿಡಿತ ಬಿಟ್ಟು ನೀರಿನಲ್ಲಿ ತೇಲಾಡಿದರೆ ಅದು ಬೇರೆ ಸಂಗತಿ. ಎಳೆಗಳು ಕರಗಿ ಲೋಳೆಯಾಗಿ, ಕೊಳೆತ ವಾಸನೆ ಬಂದರೆ ಒಂದು ಕ್ಷಣವೂ ಕಾಯಬೇಡಿ. ನೀರಿನೊಳಗೇ ಒಂದು ಡಬ್ಬಿಗೆ ಹಾಕಿ ಮುಚ್ಚಿ ಹೊರತೆಗೆಯಿರಿ, ನೀರು ಶುದ್ಧ ಮಾಡುವ ಕಾರ್ಬನ್ ಹಾಕಿ, ಕಾಲು ಭಾಗ ನೀರು ಬದಲಿಸಿ, ಅಮೋನಿಯಾ ನೋಡುತ್ತಿರಿ. 50 ಲೀಟರ್ ಆದರೂ ಉಪ್ಪುನೀರು ಯಾವಾಗಲೂ ಕಲಸಿ ಇಟ್ಟುಕೊಂಡಿದ್ದರೆ ಅರ್ಧರಾತ್ರಿಯಲ್ಲಿ ಪರದಾಟ ಇರಲ್ಲ.

ಕೇಳಿದವರು, ಜೆ.ಪಿ. ನಗರ

ಸರಿ. ಹಾಗಾದರೆ ಅಂಗಡಿ ಬಿಟ್ಟು ಯಾರ ಹತ್ತಿರವಾದರೂ ಸೀಳಿದ ಮರಿ ಇದೆಯಾ?

ವೈಟ್‌ಫೀಲ್ಡ್‌ನಿಂದ

ನನ್ನಲ್ಲಿ ಎರಡಿವೆ, ಒಂದು ನಿಮಗೆ. ದುಡ್ಡು ಬೇಡ, ಮುಂದೆ ನಿಮ್ಮದು ಸೀಳಿದಾಗ ಒಂದನ್ನು ಬೇರೆಯವರಿಗೆ ಕೊಡಿ. ಸಣ್ಣ ಕಲ್ಲಿಗೆ ಅಂಟಿಕೊಂಡಿದೆ, ಹವಳದ್ದಲ್ಲ, ಸಿಮೆಂಟಿನದು. ಮೊದಲು ಎರಡೂ ವೇವ್‌ಮೇಕರಿಗೆ ಜಾಳಿಗೆ ಹಾಕಿದ ಫೋಟೊ ಕಳಿಸಿ, ಆಮೇಲೆ ಬನ್ನಿ. ಬರುವಾಗ ಮುಚ್ಚಳ ಇರುವ ಥರ್ಮಾಕೋಲ್ ಪೆಟ್ಟಿಗೆ ತನ್ನಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟರೆ ಮುಕ್ಕಾಲು ಗಂಟೆ, ಬೇರೆ ದಿನ ಸಿಲ್ಕ್ ಬೋರ್ಡ್‌ನಲ್ಲೇ ಅದರ ನೀರು ಬಿಸಿಯಾಗುತ್ತದೆ.