ಸಹಾಯ ಬೇಕು: ಮಗಳ ಸೀನು, ಕಣ್ಣಿನ ತುರಿಕೆ ಕಾಂಗ್ರೆಸ್ ಗಿಡದಿಂದ ಇರಬಹುದಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನ ಯಲಹಂಕದ ಕಡೆ. ಮಳೆ ಬಂದ ಮೇಲೆ ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಸೊಂಟದೆತ್ತರ ಬೆಳೆದು ಹೂ ಬಿಟ್ಟಿದೆ. ಆಗಿನಿಂದ 9 ವರ್ಷದ ಮಗಳಿಗೆ ಬೆಳಿಗ್ಗೆ ಎದ್ದ ಕೂಡಲೇ ಒಂದರ ಮೇಲೊಂದು ಸೀನು. ಮೂಗು ನೀರಿನಂತೆ ಸುರಿಯುತ್ತದೆ. ಕಣ್ಣು, ಅಂಗುಳ ಎರಡೂ ತುರಿಕೆ. ಜ್ವರ ಇಲ್ಲ, ಮೈಕೈ ನೋವಿಲ್ಲ. ಬರೀ ನೆಗಡಿಯಾದರೆ ವಾರ ಹತ್ತು ದಿನದಲ್ಲಿ ಹೋಗಬೇಕಿತ್ತು ಅಲ್ವಾ? ಅವಳು ಅಜ್ಜಿಯ ಮನೆಗೆ ಹೋಗಿದ್ದಾಗ ಏನೂ ಇರಲಿಲ್ಲ, ಅದಕ್ಕೇ ಈ ಗಿಡದ ಮೇಲೆ ಅನುಮಾನ.

ಮಕ್ಕಳ ಡಾಕ್ಟರು ಸೆಟಿರಿಜಿನ್ ಸಿರಪ್, ಫ್ಲುಟಿಕಾಸೋನ್ ಮೂಗಿನ ಸ್ಪ್ರೇ ಕೊಟ್ಟಿದ್ದಾರೆ. ಸ್ಪ್ರೇ ದಿನಾ ತಪ್ಪದೆ ಹಾಕಬೇಕು, ಪೂರ್ತಿ ಗುಣ ಕಾಣಲು ಕೆಲವು ದಿನ ಬೇಕು ಅಂದರು. ಆದರೆ ಸಿರಪ್ ಕುಡಿದು ಕ್ಲಾಸಿನಲ್ಲಿ ತೂಕಡಿಸುತ್ತಾಳೆ, ಪಾಪ. ನನಗೆ ಜಾಸ್ತಿ ಚಿಂತೆ ಅದೇ.

ನಿಮ್ಮ ಮಕ್ಕಳಿಗೆ ಹೀಗಾಗಿದ್ದರೆ ದಯವಿಟ್ಟು ಹೇಳಿ. ನಿದ್ದೆ ಕಡಿಮೆ ತರುವ ಔಷಧಿಗೆ ಡಾಕ್ಟರು ಬದಲಾಯಿಸಿದರಾ? ಚರ್ಮಕ್ಕೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆ ಮಾಡಿಸಿದವರು ಇದ್ದೀರಾ? ಅದಕ್ಕೆ ಮುಂಚೆ ಸಿರಪ್ ಎಷ್ಟು ದಿನ ನಿಲ್ಲಿಸಲು ಹೇಳಿದರು? ಉಬ್ಬಸ ಇಲ್ಲ, ಬಂದರೆ ತಕ್ಷಣ ಆಸ್ಪತ್ರೆಗೆ ಹೋಗುತ್ತೇವೆ. ಇನ್ನೊಂದು, ಹೂ ಬಿಟ್ಟ ಗಿಡ ಕಿತ್ತರೆ ಪರಾಗ ಇನ್ನೂ ಹರಡುತ್ತದೆ. ನಿಮ್ಮ ಬೀದಿಯಲ್ಲಿ ಹೇಗೆ ತೆಗೆಸಿದಿರಿ, ಪಾಲಿಕೆಯಲ್ಲಿ ಯಾರಿಗೆ ಹೇಳಿದಿರಿ?