ವಿಮೆಯ 'ಆವರೇಜ್' ಷರತ್ತನ್ನು 'ಸರಾಸರಿ' ಎನ್ನಬಹುದೆ?

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ನನ್ನ ಸೋದರಮಾವ ಬೆಂಕಿ ವಿಮೆ ಮಾಡಿಸಲು ಹೊರಟಾಗ, ಏಜೆಂಟರು ಕೊಟ್ಟಿದ್ದ ಕನ್ನಡ ತಿಳಿವಳಿಕೆ ಪತ್ರವನ್ನು ನನ್ನ ಮುಂದಿಟ್ಟು, 'ಸರಾಸರಿ ಷರತ್ತು ಅನ್ವಯಿಸುತ್ತದೆ ಅಂತ ಬರದಾರಲ್ಲ, ಯಾತರ ಸರಾಸರಿ?' ಎಂದು ಕೇಳಿದರು. ವರ್ಷವಿಡೀ ಗೋದಾಮಿನಲ್ಲಿರುವ ಸರಕಿನ ಸರಾಸರಿ ಇರಬೇಕೆಂದು ಅವರೇ ಊಹಿಸಿ, ಲೆಕ್ಕದ ಪುಸ್ತಕ ತೆಗೆದು ಹನ್ನೆರಡು ತಿಂಗಳ ದಾಸ್ತಾನನ್ನು ಕೂಡಿಸಿ ಭಾಗಿಸಿಯೂ ಇಟ್ಟಿದ್ದರು. ಕನ್ನಡ ಬಲ್ಲ ಯಾರಾದರೂ ಹಾಗೆಯೇ ಮಾಡುತ್ತಿದ್ದರು ಎಂಬುದೇ ನನ್ನ ಚಿಂತೆ.

ಷರತ್ತಿನ ನಿಜವಾದ ಅರ್ಥ ಬೇರೆ. ಸುಗ್ಗಿ ಮುಗಿದು ಭತ್ತ ಬಂದು ಬಿದ್ದ ಕಾಲದಲ್ಲಿ ಭಟ್ಟಿಯಲ್ಲಿ 20 ಲಕ್ಷ ರೂಪಾಯಿಯ ಸರಕು ಇದೆ, ವಿಮೆ ಮಾಡಿಸಿರುವುದು ಮಾತ್ರ 12 ಲಕ್ಷಕ್ಕೆ ಎಂದುಕೊಳ್ಳೋಣ. ಬೆಂಕಿ ಬಿದ್ದು 5 ಲಕ್ಷದ ಸರಕು ಸುಟ್ಟರೆ, ವಿಮೆಯ ಮೊತ್ತ 12 ಲಕ್ಷವಿದ್ದರೂ ಕೈಗೆ ಬರುವುದು 5 ಲಕ್ಷವಲ್ಲ, 3 ಲಕ್ಷ ಮಾತ್ರ. ಏಕೆಂದರೆ ಸರಕಿನ ಐದು ಪಾಲಿನಲ್ಲಿ ಮೂರು ಪಾಲಿಗಷ್ಟೇ ವಿಮೆಯಿತ್ತು, ಉಳಿದ ಎರಡು ಪಾಲಿಗೆ ಮಾಲೀಕನೇ ತನಗೆ ತಾನು ವಿಮೆದಾರನಾಗಿದ್ದ ಎಂದು ಷರತ್ತು ಭಾವಿಸುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ನಷ್ಟವಾದ ದಿನ ಇದ್ದ ಸರಕಿನ ಬೆಲೆ. ಹೀಗಾಗಿ ವರ್ಷದ ಸರಾಸರಿ ನೋಡಿ ವಿಮೆಯ ಮೊತ್ತ ಗೊತ್ತುಮಾಡಿದವನು, ಆ ಷರತ್ತು ಯಾವ ಹಳ್ಳವನ್ನು ತೋರಿಸಬೇಕಾಗಿತ್ತೋ ಅದೇ ಹಳ್ಳಕ್ಕೆ ಬೀಳುತ್ತಾನೆ. ಸಾಮಾನ್ಯ ಬೆಂಕಿ ಪಾಲಿಸಿಯಲ್ಲಿ ಕಟ್ಟಡ, ಯಂತ್ರ, ದಾಸ್ತಾನು ಪ್ರತಿಯೊಂದಕ್ಕೂ ಈ ಲೆಕ್ಕ ಬೇರೆ ಬೇರೆಯಾಗಿ ನಡೆಯುವುದರಿಂದ, ಯಂತ್ರಕ್ಕೆ ಹೆಚ್ಚು ಬರೆಸಿ ದಾಸ್ತಾನಿನ ಕೊರತೆಯನ್ನು ತುಂಬಿಸಲೂ ಬರುವುದಿಲ್ಲ.

ಅನುವಾದಕರನ್ನು ದೂರುವ ಮುನ್ನ ಮೂಲಪದದ ಕಥೆಯನ್ನೂ ಹೇಳಬೇಕು. ಇಂಗ್ಲಿಷಿನ 'ಆವರೇಜ್' ಹಡಗಿನ ವ್ಯಾಪಾರದಿಂದ ಬಂದ ಪದ. ಇಟಲಿಯ 'ಅವಾರಿಯಾ', ಅದರ ಹಿಂದೆ ಅರಬ್ಬಿಯ 'ಅವಾರ್', ಇವುಗಳಲ್ಲಿ ಇದ್ದದ್ದು ಸರಕಿಗೆ ತಗುಲಿದ ಹಾನಿ ಎಂಬ ಅರ್ಥ. ಬಿರುಗಾಳಿಯಲ್ಲಿ ಹಡಗನ್ನು ಉಳಿಸಲು ಕೆಲವರ ಸರಕನ್ನು ಕಡಲಿಗೆ ಎಸೆದಾಗ, ಆ ಹಾನಿಯನ್ನು ಎಲ್ಲ ಸರಕಿನವರೂ ತಮ್ಮ ತಮ್ಮ ಪಾಲಿನಷ್ಟು ಹಂಚಿಕೊಳ್ಳುತ್ತಿದ್ದರು; ಆ ಹಂಚಿಕೆಯ ಲೆಕ್ಕದಿಂದ ಗಣಿತದ ಅರ್ಥ ಆಮೇಲೆ ಹುಟ್ಟಿತು. ನಮ್ಮ 'ಸರಾಸರಿ'ಯಾದರೋ ಪಾರಸಿಯ 'ಸರಾಸರ್'ನಿಂದ, ಅಂದರೆ ಈ ತುದಿಯಿಂದ ಆ ತುದಿಯವರೆಗೆ ಎಂಬುದರಿಂದ ಬಂದದ್ದು. ಅದಕ್ಕೆ ಹಾನಿಯ ನೆನಪಾಗಲಿ ಪಾಲಿನ ನೆನಪಾಗಲಿ ಇಲ್ಲ. ಎರಡು ಪದಗಳು ಗಣಿತದ ಪಾಠದಲ್ಲಿ ಮಾತ್ರ ನೆಂಟರು.

ಬದಲಿ ಪದ ಹುಡುಕುವಾಗ ನನಗೆ ಮೊದಲು ಹೊಳೆದದ್ದು 'ವಜಾ'. ಮಂಡಿಯಲ್ಲಿ ಚೀಲದ ತೂಕ ವಜಾ ಮಾಡುವುದನ್ನು ಕಂಡ ವ್ಯಾಪಾರಿಗೆ 'ಪ್ರಮಾಣ ವಜಾ' ಎಂದರೆ ವಿವರಣೆ ಬೇಡ. ಆದರೆ ಅರ್ಜಿಯೂ ವಜಾ ಆಗುತ್ತದೆ, ನೌಕರನೂ ವಜಾ ಆಗುತ್ತಾನೆ. ಸುಟ್ಟ ಭಟ್ಟಿಯ ಮುಂದೆ ನಿಂತವನಿಗೆ 'ವಜಾ ಷರತ್ತು' ಎಂದರೆ ತನ್ನ ಕ್ಲೇಮೇ ತಿರಸ್ಕಾರವಾಯಿತೆಂದು ಎದೆ ಒಡೆದೀತು. ಆದ್ದರಿಂದ ಅದನ್ನು ಕೈಬಿಟ್ಟೆ. 'ಅನುಪಾತ ಷರತ್ತು' ತಪ್ಪಲ್ಲ, ಆದರೆ ಯಾವುದರ ಅನುಪಾತ ಎಂಬ ಮಾವನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸದ್ಯಕ್ಕೆ ನನ್ನ ಮನಸ್ಸು 'ಕೊರತೆ ಪಾಲು' ಎಂಬುದರ ಕಡೆಗಿದೆ: ವಿಮೆಯಲ್ಲಿ ಎಷ್ಟು ಕೊರತೆಯೋ, ನಷ್ಟದಲ್ಲಿ ಮಾಲೀಕನ ಪಾಲು ಅಷ್ಟು.

ಇದರ ಜೊತೆಗೇ 'ಅಂಡರ್ ಇನ್ಶೂರೆನ್ಸ್', ಅಂದರೆ ಸರಕಿನ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸುವುದು, ಎಂಬುದಕ್ಕೂ ಒಂದು ಹೆಸರು ಬೇಕು, ಏಕೆಂದರೆ ಸಣ್ಣ ಉದ್ಯಮದವರಿಗೆ ಇದು ನಿತ್ಯದ ವಿಷಯ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ 'ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ' ಪಾಲಿಸಿಯಲ್ಲಿ, ಅಂದರೆ ಒಂದು ಸ್ಥಳದಲ್ಲಿರುವ ಆಸ್ತಿಯ ಮೌಲ್ಯ 5 ಕೋಟಿ ರೂಪಾಯಿ ಮೀರದವರಿಗಾಗಿ ಇರುವ ಪಾಲಿಸಿಯಲ್ಲಿ, ಶೇ 15ರವರೆಗಿನ ಇಂಥ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 20 ಲಕ್ಷದ ಸರಕಿಗೆ 17 ಲಕ್ಷ ಬರೆಸಿದ್ದರೆ ಕಡಿತವಿಲ್ಲ. (ಪಾಲಿಸಿಯ ಹೆಸರು ಎಲ್ಲರಿಗೂ ತಿಳಿಯುವಂತಿದೆ, ಒಳಗಿನ ಷರತ್ತುಗಳಿಗೆ ಆ ಭಾಗ್ಯ ಬಂದಿಲ್ಲ.) 'ಅಲ್ಪವಿಮೆ' ಎಂದರೆ ಸಣ್ಣ ಮೊತ್ತದ ವಿಮೆ ಎನಿಸುತ್ತದೆ, ಹತ್ತು ಸಾವಿರದ ಸರಕಿಗೆ ಹತ್ತು ಸಾವಿರದ ವಿಮೆ ಅಲ್ಪವಾದರೂ ಪೂರ್ಣವೇ. ಅರೆಹೊಟ್ಟೆ, ಅರೆಮನಸ್ಸು ಎನ್ನುವ ಹಾಗೆ 'ಅರೆವಿಮೆ' ಎನ್ನಬಹುದೆ? ಅಲ್ಲಿಯ 'ಅರೆ'ಗೆ ಸರಿಯಾಗಿ ಅರ್ಧ ಎಂಬ ಅರ್ಥವಿಲ್ಲ, ಸಾಲದು ಎಂಬ ಭಾವವಿದೆ. ಆದರೂ ಹಣದ ಮಾತು ಬಂದಾಗ ಜನ ಅದನ್ನು ಐವತ್ತು ಪರ್ಸೆಂಟ್ ಎಂದೇ ಓದಿಬಿಡುವರೋ ಎಂಬ ಅಳುಕು ನನಗಿದೆ.

ಅದೇ ಪತ್ರದಲ್ಲಿ 'ಎಕ್ಸೆಸ್' ಎಂಬುದು 'ಅಧಿಕ' ಎಂದು ಅಚ್ಚಾಗಿತ್ತು. ಪ್ರತಿ ಕ್ಲೇಮಿನಲ್ಲೂ ಮೊದಲು ಮಾಲೀಕನ ಕೈಯಿಂದಲೇ ಹೋಗುವ ಹಣ ಅದು, ಮಾವ ತಮಗೆ ಹೆಚ್ಚುವರಿ ಸಿಗುವುದೆಂದು ತಿಳಿದಿದ್ದರು. ಅದನ್ನು ಬೇರೆಯಾಗಿಯೇ ಕೇಳುತ್ತೇನೆ.

ಬ್ಯಾಂಕು, ವಿಮೆಯ ಕೆಲಸದಲ್ಲಿರುವವರು 'ಕೊರತೆ ಪಾಲು', 'ಅರೆವಿಮೆ' ಇವೆರಡನ್ನು ಗ್ರಾಹಕರ ಮುಂದೆ ಒಮ್ಮೆ ಆಡಿ ನೋಡಿ, ಅವರಿಗೆ ಏನು ಅರ್ಥವಾಯಿತೆಂದು ತಿಳಿಸಬೇಕೆಂದು ಕೋರುತ್ತೇನೆ. ಚಳ್ಳಕೆರೆಯ ಎಣ್ಣೆ ಗಾಣಗಳ ಕಡೆ ಇದಕ್ಕೆ ಬೇರೆ ಮಾತು ಬಳಕೆಯಲ್ಲಿದ್ದರೆ, ಅದನ್ನು ನನ್ನ ಪದಗಳಿಗಿಂತ ಮೊದಲು ಕೇಳಲು ಇಷ್ಟಪಡುತ್ತೇನೆ.